ಕಣದಲ್ಲಿ ಸಿಕ್ಕ ಪೀಚೆಕತ್ತಿ

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನಮ್ಮ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ. ರಾತ್ರಿ ಕಾವಲಿಗೆ ಒಬ್ಬರು ಬೇಕು. ಆ ಕೆಲಸ ನಾನೇ ಕೇಳಿ ಪಡೆಯುತ್ತೇನೆ. ತೋಟದೊಳಗೆ ಸಿಲ್ವರ್ ಓಕ್ ಮರಗಳ ಮಧ್ಯೆ ಆಕಾಶ ಚೂರು ಚೂರಾಗಿ ಕಾಣುತ್ತದೆ, ಕಣದಲ್ಲಿ ಮಾತ್ರ ಪೂರ್ತಿ ತೆರೆದಿರುತ್ತದೆ. ಸೋಮವಾರಪೇಟೆ ಕಡೆಯ ಚಳಿ, ಒಂದು ಕಂಬಳಿ, ಒಂದು 10×50 ಬೈನಾಕ್ಯುಲರ್. ಆನೆ ಬಂದ್ರೆ ಒಳಗೆ ಓಡೋದು, ಅಷ್ಟೇ.

ಒಂದು ರಾತ್ರಿ ಮಿಥುನ ರಾಶಿಯ ಹತ್ತಿರ ಏಳು ಚುಕ್ಕಿಗಳು ಕಂಡವು. ಐದು ಅಲಗಿನ ಹಾಗೆ, ಎರಡು ಹಿಡಿಯ ಹಾಗೆ. ಥೇಟ್ ಕೊಡವರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ! ನನ್ನ ನಕ್ಷೆಯಲ್ಲಿ ಆ ಜಾಗದಲ್ಲಿ ಯಾವ ನಕ್ಷತ್ರಗುಚ್ಛವೂ ಇರಲಿಲ್ಲ. ಹೊಸದು ಸಿಕ್ಕಿತು ಅಂತ ಬೆಳಿಗ್ಗೆ ತಂಗಿಗೆ ಹೇಳಿದೆ.

"ಅಣ್ಣಾ, ಮಡಿಕೇರಿ ಬಸ್ ಸ್ಟ್ಯಾಂಡಲ್ಲಿ ಒಟ್ಟಿಗೆ ನಿಂತವರೆಲ್ಲ ಒಂದೇ ಮನೆಯವರಾ?" ಅಂದಳು.

ಒಂದೇ ಮನೆಯವರಾದರೆ ಒಂದೇ ಬಸ್ ಹತ್ತುತ್ತಾರೆ, ಅಲ್ವಾ? ನಿಜವಾದ ಗುಚ್ಛದ ನಕ್ಷತ್ರಗಳು ಒಂದೇ ಅನಿಲದ ಮೋಡದಲ್ಲಿ ಹುಟ್ಟಿದವು. ದೂರ ಹೆಚ್ಚುಕಡಿಮೆ ಒಂದೇ, ಓಟವೂ ಒಂದೇ ದಿಕ್ಕಿಗೆ. ಆ ಓಟ ಬೈನಾಕ್ಯುಲರ್‌ಗೆ ಸಿಗಲ್ಲ. ಯುರೋಪಿನ ಗಯಾ ನೌಕೆ ಅದನ್ನು ಅಳೆದಿದೆ. 2022ರ ಜೂನ್‌ನಲ್ಲಿ ಬಂದ ಅದರ ಮೂರನೇ ಪಟ್ಟಿಯಲ್ಲಿ ಸುಮಾರು 180 ಕೋಟಿ ಚುಕ್ಕಿಗಳಿವೆ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಗ್ರಾಫ್ ಹಾಕುವ ಟಾಪ್‌ಕ್ಯಾಟ್ ಸಾಫ್ಟ್‌ವೇರೂ ಪುಕ್ಕಟೆ.

ಮೊದಲು, ನಿಜವಾದ ಗುಚ್ಛ ಅಂತ ಗೊತ್ತಿರುವ ಕೃತ್ತಿಕೆಯ ಮೇಲೆ ಕೈ ಪಳಗಿಸಿದೆ. ಅದರ ಸುತ್ತ ಒಂದು ಡಿಗ್ರಿಯೊಳಗಿನ ನಕ್ಷತ್ರಗಳನ್ನೆಲ್ಲ ತಂದೆ. ಪೂರ್ವ-ಪಶ್ಚಿಮದ ಚಲನೆ ಅಡ್ಡಕ್ಕೆ, ಉತ್ತರ-ದಕ್ಷಿಣದ್ದು ಉದ್ದಕ್ಕೆ. ಸೊನ್ನೆಯ ಸುತ್ತ ದೊಡ್ಡ ರಾಶಿ. ಅದರಿಂದ ದೂರದಲ್ಲಿ ಇನ್ನೊಂದು ಬಿಗಿಯಾದ ಪುಟ್ಟ ರಾಶಿ: ವರ್ಷಕ್ಕೆ ಪೂರ್ವಕ್ಕೆ 20, ದಕ್ಷಿಣಕ್ಕೆ 45 ಮಿಲಿಆರ್ಕ್‌ಸೆಕೆಂಡ್‌ನ ಆಸುಪಾಸು. (ಒಂದು ಡಿಗ್ರಿಯನ್ನು 36 ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮಿಲಿಆರ್ಕ್‌ಸೆಕೆಂಡ್.) ಕಣದಲ್ಲಿ ಸಿಪ್ಪೆ ಸುಲಿದ ಪಾರ್ಚ್‌ಮೆಂಟ್ ಕಾಫಿ ಬೇರೆ, ಇಡೀ ಹಣ್ಣಿನ ಚೆರ್ರಿ ಬೇರೆ ಹರವಿದ ಹಾಗಿತ್ತು. ಪುಟ್ಟ ರಾಶಿಯನ್ನಷ್ಟೇ ಆರಿಸಿ ಪ್ಯಾರಲಾಕ್ಸ್ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಅತ್ತಿತ್ತ ಸರಿದಂತೆ ಕಾಣುವ ಅಳತೆ; ದೂರ ಹೆಚ್ಚಿದಷ್ಟೂ ಕಡಿಮೆ) ನೋಡಿದರೆ ಬಹುತೇಕ ಎಲ್ಲವೂ 7.3 ಮಿಲಿಆರ್ಕ್‌ಸೆಕೆಂಡ್‌ನ ಹತ್ತಿರ. ಅಂದರೆ ಸುಮಾರು 445 ಜ್ಯೋತಿರ್ವರ್ಷ.

ಆಮೇಲೆ ನನ್ನ ಕತ್ತಿ. ಗ್ರಾಫಿನಲ್ಲಿ ಸೊನ್ನೆಯ ಹತ್ತಿರ ದಟ್ಟ ರಾಶಿ ಕಂಡಿತು. ಸಿಕ್ತು ಅಂತ ಕುಣಿದೆ. ಎಡವಿದ್ದು ಇಲ್ಲೇ. ದೂರದ ನಕ್ಷತ್ರ ಎಷ್ಟೇ ಓಡಲಿ, ನಮಗೆ ಕಾಣೋದು ಚೂರೇ ಚೂರು. ಹಾಗಾಗಿ ಆಕಾಶದ ಯಾವ ಮೂಲೆ ತೆಗೆದರೂ ಸೊನ್ನೆಯ ಹತ್ತಿರ ರಾಶಿ ಇದ್ದೇ ಇರುತ್ತದೆ! ಅನುಮಾನ ಬಂದು, ಎರಡು ಡಿಗ್ರಿ ಪಕ್ಕದಲ್ಲಿ ಅಷ್ಟೇ ಅಗಲದ ಸುಮ್ನೆ ಒಂದು ಜಾಗ ತಂದು ಗ್ರಾಫ್ ಹಾಕಿದೆ. ಅದೇ ರಾಶಿ, ಅಷ್ಟೇ ದಟ್ಟ. ಕೊನೆಗೆ ಏಳನ್ನೂ ಒಂದೊಂದಾಗಿ ನೋಡಿದೆ. ಹತ್ತಿರದ್ದು 300 ಜ್ಯೋತಿರ್ವರ್ಷ, ದೂರದ್ದು 2,000 ದಾಟಿತ್ತು. ಒಂದು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ಕತ್ತಿ ಹೋಯಿತು.

ಈಗ ಏನೇ ಕಂಡರೂ ಪಕ್ಕದ ಜಾಗದ ಗ್ರಾಫ್ ಮೊದಲು. ಪ್ಯಾರಲಾಕ್ಸ್ ಅದರದೇ ಅಳತೆಯ ದೋಷದ ಹತ್ತು ಪಟ್ಟಾದರೂ ಇಲ್ಲದಿದ್ದರೆ ಆ ನಕ್ಷತ್ರದ ದೂರವನ್ನು ನಂಬುವುದಿಲ್ಲ.

ಆಮೇಲೆ ಬಂದ ಹುತ್ತರಿ (ಹೊಸ ಭತ್ತದ ಕೊಯ್ಲಿನ ಹಬ್ಬ) ರಾತ್ರಿ ಕದಿರು ತೆಗೆದು ಬರುವಾಗ ಚಂದ್ರನ ಪಕ್ಕ ರೋಹಿಣಿ ಕೆಂಪಗಿತ್ತು. ಬೆಳದಿಂಗಳು ಜಾಸ್ತಿ, ಸುತ್ತಲಿನ ಚುಕ್ಕಿಗಳಿಗೆ ಬೈನಾಕ್ಯುಲರ್ ಬೇಕಾಯಿತು. ಅಮ್ಮನಿಗೆ ತೋರಿಸಿದೆ. ಸುತ್ತಲಿನದು ನಿಜವಾದ ಗುಚ್ಛ, 150 ಜ್ಯೋತಿರ್ವರ್ಷ ದೂರ. ರೋಹಿಣಿ ಬರೀ 65.

"ಅಂದ್ರೆ ರೋಹಿಣಿ ಅವರ ಮನೆಯವಳಲ್ವಾ?" ಅಂದರು ಅಮ್ಮ.

"ಅಲ್ಲಮ್ಮ, ಮುಂದೆ ನಿಂತು ಫೋಟೋದಲ್ಲಿ ಬಿದ್ದವಳು."