ಮೌಸ್ ಕಿತ್ತಿಟ್ಟ ವೆಬ್ ಲ್ಯಾಬ್: ನನ್ನ ಅನುಭವ

ಕಣ್ಣು ಕಾಣದವರೂ, ಮೌಸ್ ಹಿಡಿಯಲಾಗದವರೂ ಬಳಸಬಲ್ಲ ವೆಬ್ ಪುಟ ಕಟ್ಟುವುದನ್ನು (ಆಕ್ಸೆಸಿಬಿಲಿಟಿ) ಕಲಿಸಲು ಹೊರಟೆ. ಸಿಲೆಬಸ್‌ನಲ್ಲಿ ಇಲ್ಲದ್ದನ್ನು ಹುಡುಗರು ಕಲಿಯೋದಿಲ್ಲ ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರದೂ ಒಂದೇ ರಾಗ. ಈಗ ಧಾರವಾಡದ ನಮ್ಮ ಬಿಸಿಎ ಲ್ಯಾಬ್‌ನಲ್ಲಿ ಕೀಬೋರ್ಡ್‌ನಿಂದ ತುಂಬಲಾಗದ ಫಾರ್ಮ್ ತಂದರೆ ರೆಕಾರ್ಡ್‌ಗೆ ಸಹಿ ಇಲ್ಲ. ಒಬ್ಬರ ಹುಳುಕು ಇನ್ನೊಬ್ಬರೇ ಹಿಡಿಯುತ್ತಾರೆ.

ಡಬ್ಲ್ಯುಸಿಎಜಿ (ಇಂಥ ಪುಟಗಳಿಗಿರುವ ಅಂತರರಾಷ್ಟ್ರೀಯ ಮಾರ್ಗಸೂಚಿ) ಮೇಲೆ ಒಂದು ತಾಸು ಸ್ಲೈಡ್ ತೋರಿಸಿದರೆ ಬಾಯಿಪಾಠ ಆಗುತ್ತದೆ, ಕೋಡಿಗೆ ಇಳಿಯುವುದಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಸುವುದು ಇನ್ನೂ ದಂಡ: ‘ಪಾಪ’ ಅಂದು ಎದ್ದು ಹೋಗುತ್ತಾರೆ, ಒಂದು ಲೇಬಲ್ಲೂ ಸರಿಯಾಗುವುದಿಲ್ಲ. ಪುಟ ಪರೀಕ್ಷಿಸಿ ಅಂಕ ಕೊಡುವ ಲೈಟ್‌ಹೌಸ್ ತಂತ್ರಾಂಶದಲ್ಲಿ 100 ಬಂದ ಪುಟದಲ್ಲೂ ಚಿತ್ರದ ಆಲ್ಟ್ (ಚಿತ್ರ ಕಾಣದವರಿಗೆ ಓದಿ ಹೇಳುವ ವಿವರಣೆ) ‘ಇಮೇಜ್ 1’ ಅಂತಲೇ ಇರಬಹುದು. ಆಲ್ಟ್ ಇದೆಯೋ ಇಲ್ಲವೋ ಅಷ್ಟೇ ಅದಕ್ಕೆ ಗೊತ್ತು, ಅದರ ಅರ್ಥ ಗೊತ್ತಿಲ್ಲ.

ಕೆಲಸ ಮಾಡಿದ್ದು ಇದು. ಪ್ರತಿ ಲ್ಯಾಬ್‌ನ ಕೊನೆಯ 20 ನಿಮಿಷ ಮೌಸ್ ಕೀಳಿಸಿ, ಪರದೆ ಓದಿ ಹೇಳುವ ತಂತ್ರಾಂಶ ಎನ್‌ವಿಡಿಎ ಹಚ್ಚಿಸಿ, ಪಕ್ಕದವರ ಫಾರ್ಮ್ ತುಂಬಿಸುವುದು. ಇಂಟರ್ನಲ್‌ನ 20ರಲ್ಲಿ 5 ಅಂಕ ಇದಕ್ಕೇ. ಮೊದಲು ಸಿಕ್ಕಿಬೀಳುವುದು ಡಿವ್‌ಗೆ (ಬರೀ ಚೌಕಟ್ಟಿನ ಟ್ಯಾಗ್) ಆನ್‌ಕ್ಲಿಕ್ ಹಚ್ಚಿದ ‘ಬಟನ್’. ಟ್ಯಾಬ್ ಕೀ ಅದನ್ನು ದಾಟಿಯೇ ಹೋಗುತ್ತದೆ. ಆಮೇಲೆ ‘ಔಟ್‌ಲೈನ್ ನನ್’ (ಈಗ ಯಾವ ಖಾನೆಯಲ್ಲಿದ್ದೇವೆ ಅಂತ ತೋರುವ ಗೆರೆ ಅಳಿಸುವುದು), ಲೇಬಲ್ ಬದಲಿಗೆ ಬರೀ ಪ್ಲೇಸ್‌ಹೋಲ್ಡರ್ (ಖಾನೆಯೊಳಗಿನ ಮಸುಕು ಸುಳಿವು). ತಿಳಿ ಬೂದು ಅಕ್ಷರದ ಜಗಳ ಪ್ರತಿ ಬ್ಯಾಚಿಗೂ ಇದ್ದದ್ದೇ: ಬಿಳಿ ಮೇಲೆ #777 ಬಣ್ಣಕ್ಕೆ ಕಾಂಟ್ರಾಸ್ಟ್ (ಅಕ್ಷರ ಮತ್ತು ಹಿನ್ನೆಲೆಯ ಬೆಳಕಿನ ಅನುಪಾತ) ಸುಮಾರು 4.48 ಬರುತ್ತದೆ, ಬೇಕಾದ್ದು 4.5, #767676 ಹಾಕಿದರೆ ಪಾಸು.

ಹೆಚ್ಚು ಕಾಡುವುದು ದೋಷದ ಸಂದೇಶ. ಕೆಂಪು ಅಂಚು ಎನ್‌ವಿಡಿಎಗೆ ಕೇಳಿಸುವುದಿಲ್ಲ. ಹೊಸ ಮಾತು ಬಂದರೆ ಓದು ಎನ್ನುವ ಏರಿಯಾ-ಲೈವ್ (aria-live) ಗುರುತು ಹಾಕಿದರೂ ಮೂಕ, ಯಾಕೆಂದರೆ ಡಬ್ಬಿ ಮತ್ತು ಮಾತು ಎರಡನ್ನೂ ಒಟ್ಟಿಗೇ ಪುಟಕ್ಕೆ ಸೇರಿಸಿರುತ್ತಾರೆ. ಖಾಲಿ ಡಬ್ಬಿ ಪುಟ ತೆರೆದಾಗಲೇ ಇರಬೇಕು, ಮಾತು ಆಮೇಲೆ ತುಂಬಬೇಕು. ತಪ್ಪಾದ ಖಾನೆಗೆ ಫೋಕಸ್ (ಕೀಬೋರ್ಡ್ ನಿಂತಿರುವ ಜಾಗ) ಒಯ್ಯಿರಿ.

ಕನ್ನಡ ಪುಟಕ್ಕೆ ಭಾಷೆ ತಿಳಿಸುವ ಲ್ಯಾಂಗ್ ಗುರುತು ‘ಕೆಎನ್’ ಇರಲೇಬೇಕು. ಟೆಂಪ್ಲೇಟಿನಲ್ಲಿ ‘ಇಎನ್’ ಉಳಿದರೆ ಇಂಗ್ಲಿಷ್ ಧ್ವನಿಯೇ ಓದಲು ಹೋಗಿ ಎಡವುತ್ತದೆ. ಇದರ ನಡುವೆ ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ರೂಪ ಹೊದಿಸಿದ ಹಳೆಯ ನುಡಿ ಫಾಂಟಿನ ಪಿಡಿಎಫ್ ಒಂದನ್ನು ಓದಿಸಿ ನೋಡಿದೆವು. ಅಲ್ಲಿ ‘ಕ’ ಅಂದರೆ ಒಳಗೆ ಪಿ, ಜೊತೆಗೆ ತಲೆಮೇಲೆ ಗೀಟಿರುವ ಎ. ಕಣ್ಣಿಗೆ ಅಚ್ಚಗನ್ನಡ, ಕಿವಿಗೆ ಬರೀ ಗಲಿಬಿಲಿ. ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಯಾಕೆ ಅಂತ ಮತ್ತೆ ಯಾರೂ ಕೇಳಲಿಲ್ಲ.

ಖರ್ಚು: ಎನ್‌ವಿಡಿಎ ಪುಕ್ಕಟೆ. ತಂತಿ ಇರುವ ಹೆಡ್‌ಫೋನ್ ಹುಬ್ಬಳ್ಳಿ ಕೊಪ್ಪಿಕರ್ ರಸ್ತೆಯಲ್ಲಿ 250-300ಕ್ಕೆ ಸಿಕ್ಕವು, ಇಬ್ಬರಿಗೊಂದರಂತೆ ಒಟ್ಟು ನಾಲ್ಕೂವರೆ ಸಾವಿರದ ಆಸುಪಾಸು. ಸಿಲೆಬಸ್ ಹೊರಗಿನದು ಅಂತ ಬಿಲ್ಲು ವಾಪಸ್ ಬಂತು, ಕೈಯಿಂದಲೇ ಹಾಕಿದ್ದಾಯಿತು. ಸ್ಪೀಕರ್‌ನಲ್ಲಿ ನಡೆಸುತ್ತೇನೆ ಅಂದರೆ ಸಂತೆಯೇ ಸರಿ.

ಮೊದಲ ದಿನ ಕೊಡುವ ಮುರುಕು ಪುಟದಲ್ಲಿ ಏನೇನು ಹುದುಗಿಸಿದ್ದೇನೆ ಅನ್ನುವುದನ್ನು ಬರೆಯುವುದಿಲ್ಲ. ಹುಡುಗರೂ ಇದನ್ನು ಓದುತ್ತಾರೆ.

ಕೊನೆಯ ಪ್ರಾಜೆಕ್ಟಿಗೆ ದೃಷ್ಟಿ ಇಲ್ಲದ ಬಳಕೆದಾರರೊಬ್ಬರನ್ನು ಕರೆಯಿರಿ, ಪುಕ್ಕಟೆ ಬೇಡ. ನಾವು 500 ರೂಪಾಯಿ, ಮೇಲೆ ಆಟೋ ಖರ್ಚು ಕೊಡುತ್ತೇವೆ. ಸಬ್‌ಮಿಶನ್‌ಗೆ ಎರಡು ವಾರ ಮೊದಲೇ ಕರೆಸಿ. ಹಿಂದಿನ ದಿನ ಬಂದರೆ ಹುಡುಗರು ಬರೀ ಆಲ್ಟ್ ತಿದ್ದುತ್ತಾರೆ, ಹೆಡಿಂಗ್‌ಗೆ ಕೈ ಹಚ್ಚುವುದಿಲ್ಲ.