ಗ್ರಾಫಿಕ್ಸ್ ಕಾರ್ಡಿನ 16 ಪಿನ್ ಕನೆಕ್ಟರ್ ಸುಡದಂತೆ ನೋಡಿಕೊಳ್ಳುವುದು ಹೇಗೆ?

ಮನೆ ಪ್ಲಾನಿನ ತ್ರೀಡಿ ಚಿತ್ರ, ಮದುವೆ ವಿಡಿಯೋ, ರಾತ್ರಿಯಿಡೀ ನಡೆದ ಯಕ್ಷಗಾನದ 4ಕೆ ರೆಕಾರ್ಡಿಂಗ್. ಇಂಥ ಕೆಲಸಕ್ಕೆಂದು ಆರ್‌ಟಿಎಕ್ಸ್ 4090 ಅಥವಾ 5090 ಗ್ರಾಫಿಕ್ಸ್ ಕಾರ್ಡು ಹಾಕಿಕೊಂಡವರು ರೆಂಡರ್‌ಗೆ (ಅಂತಿಮ ಚಿತ್ರ, ವಿಡಿಯೋ ತಯಾರಾಗಲು) ಬಿಟ್ಟು ಮಲಗುವ ಮೊದಲು ನೋಡಬೇಕಾದ ಜಾಗ ಒಂದಿದೆ: ಕಾರ್ಡಿಗೆ ಕರೆಂಟ್ ತರುವ 16 ಪಿನ್ನಿನ ಕನೆಕ್ಟರ್. ಆಟದಲ್ಲಿ ಲೋಡ್ ಏರಿಳಿಯುತ್ತಿರುತ್ತದೆ. ತ್ರೀಡಿ ರೆಂಡರ್‌ನಲ್ಲಿ ಗಂಟೆಗಟ್ಟಲೆ ಒಂದೇ ಸಮ, ಅದೂ ಹತ್ತಿರ ಯಾರೂ ಇಲ್ಲದ ಹೊತ್ತಿನಲ್ಲಿ.

ಸುಡುವುದು ಯಾಕೆ

ಈ ಕನೆಕ್ಟರಿನ ಮೇಲ್ಮಿತಿ 600 ವ್ಯಾಟ್. 12 ವೋಲ್ಟಿನಲ್ಲಿ ಅದು 50 ಆಂಪಿಯರ್ ಆಯಿತು. 16 ಪಿನ್ನುಗಳಲ್ಲಿ 12 ವೋಲ್ಟ್ ಒಯ್ಯುವವು ಆರು, ಗ್ರೌಂಡ್ ಆರು, ಉಳಿದ ನಾಲ್ಕು ಸಣ್ಣವು ಸೆನ್ಸ್ ಪಿನ್, ಎಷ್ಟು ವ್ಯಾಟ್ ಎಳೆಯಬಹುದೆಂದು ಕಾರ್ಡಿಗೆ ತಿಳಿಸಲು. ಸರಿಯಾಗಿ ಹಂಚಿಕೊಂಡರೆ ಪಿನ್ನಿಗೆ 8.3 ಆಂಪಿಯರ್. ಪಿನ್ನಿನ ತಾಳಿಕೆಯೇ ಒಂಬತ್ತು ಚಿಲ್ಲರೆ. ಹಳೆಯ 8 ಪಿನ್ ಕನೆಕ್ಟರ್ 150 ವ್ಯಾಟಿಗೆ ಮೂರು ಪಿನ್ ಬಳಸುತ್ತಿತ್ತು, ಅಂದರೆ ಪಿನ್ನಿಗೆ ನಾಲ್ಕೂ ಕಾಲು ಆಂಪಿಯರ್ ಕೂಡ ಇಲ್ಲ. ಪಿನ್ನುಗಳೂ ದಪ್ಪ, ಅಂತರವೂ 4.2 ಮಿ.ಮೀ. ಹೊಸದರಲ್ಲಿ ಅಂತರ 3 ಮಿ.ಮೀ. ಹಳೆಯದರಲ್ಲಿ ಅಜಾಗರೂಕತೆಗೂ ಜಾಗವಿತ್ತು, ಇದರಲ್ಲಿ ಇಲ್ಲ.

ಹಾಗಂತ ಎಲ್ಲ ಕಾರ್ಡಿಗೂ ಹೆದರಬೇಕಿಲ್ಲ. 5080 ಎಳೆಯುವುದು 360 ವ್ಯಾಟ್, ಪಿನ್ನಿಗೆ ಐದು ಆಂಪಿಯರ್, ಧಾರಾಳ. 450 ವ್ಯಾಟಿನ 4090 ಮತ್ತು 575 ವ್ಯಾಟಿನ 5090 ಇವೆರಡೇ ನಿಜವಾದ ತಲೆನೋವು.

ಆರು ಪಿನ್ನುಗಳೂ ಕಾರ್ಡಿನೊಳಗೆ ಒಂದೇ ತಾಮ್ರದ ಪದರಕ್ಕೆ ಸೇರುತ್ತವೆ. 3090 ಟಿಐ ಕಾರ್ಡಿನಲ್ಲಿ ಎರಡೆರಡು ಪಿನ್ನಿನ ಮೂರು ಗುಂಪು ಮಾಡಿ ಹಂಚಿಕೆ ನೋಡಿಕೊಳ್ಳುತ್ತಿದ್ದರು. 4090ರಿಂದ ಆ ವ್ಯವಸ್ಥೆ ಹೋಯಿತು. ಈಗ ಒಟ್ಟು ಎಷ್ಟು ಬಂತು ಎಂದು ಹೆಚ್ಚಿನ ಕಾರ್ಡುಗಳಿಗೆ ಗೊತ್ತು, ಯಾವ ಪಿನ್ನಿನಿಂದ ಎಷ್ಟು ಬಂತು ಎಂದು ಗೊತ್ತಿಲ್ಲ. ಎರಡು ಪಿನ್ ಸರಿಯಾಗಿ ತಾಗದಿದ್ದರೆ ಅವುಗಳ ಪಾಲನ್ನೂ ಚೆನ್ನಾಗಿ ತಾಗಿದ ಪಿನ್ನುಗಳೇ ಹೊರಬೇಕು. ಹಾಗಾಗಿ ಸುಟ್ಟ ಪಿನ್ನೇ ಕೆಟ್ಟ ಪಿನ್ ಎಂದುಕೊಳ್ಳಬೇಡಿ, ಎಷ್ಟೋ ಸಲ ಅದು ನೆಟ್ಟಗಿದ್ದ ಪಿನ್ನು. ಶಾಖ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ: ಪಿನ್ ತಾಗುವಲ್ಲಿ 6 ಮಿಲಿಓಮ್ ರೋಧವಿದ್ದರೆ 8 ಆಂಪಿಯರಿಗೆ 0.4 ವ್ಯಾಟ್ ಶಾಖ, 20 ಆಂಪಿಯರಿಗೆ 2.4 ವ್ಯಾಟ್. ಅಕ್ಕಿಕಾಳಿನಷ್ಟು ಜಾಗದಲ್ಲಿ ಅದು ಬಹಳ ಹೆಚ್ಚು. 2025ರ ಫೆಬ್ರವರಿಯಲ್ಲಿ ಜರ್ಮನಿಯ ಹಾರ್ಡ್‌ವೇರ್ ಪರೀಕ್ಷಕ ರೋಮನ್ ಹಾರ್ಟುಂಗ್ 5090 ಅಳೆದಾಗ ಒಂದು ವೈರಿನಲ್ಲಿ 20 ಆಂಪಿಯರಿಗೂ ಮೇಲೆ ಹರಿಯುತ್ತಿತ್ತು. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪವರ್ ಸಪ್ಲೈ) ಕಡೆಯ ಕನೆಕ್ಟರ್ 150 ಡಿಗ್ರಿ ತಲುಪಿತ್ತು.

ನಮ್ಮ ಕಡೆ ಏನು ಸುಟ್ಟರೂ ಮೊದಲು ಬೈಸಿಕೊಳ್ಳುವುದು ಹೆಸ್ಕಾಂ. ಇಲ್ಲಿ ಅದರ ಪಾತ್ರವಿಲ್ಲ. ಒಳ್ಳೆಯ ಎಸ್‌ಎಂಪಿಎಸ್ ಹೊರಗಿನ ವೋಲ್ಟೇಜ್ ಏರಿಳಿದರೂ 12 ವೋಲ್ಟನ್ನು ಸ್ಥಿರವಾಗಿಯೇ ಕೊಡುತ್ತದೆ. ಸ್ಟೆಬಿಲೈಸರ್ ಇದಕ್ಕೆ ಮದ್ದಲ್ಲ. ಎಂಸಿಬಿಯೂ ಬೀಳುವುದಿಲ್ಲ, ಏಕೆಂದರೆ ಒಳಗೆ 48 ಆಂಪಿಯರ್ ಹರಿಯುವಾಗಲೂ ಗೋಡೆಯ ಪ್ಲಗ್ಗಿನಿಂದ ಇಡೀ ಮಶೀನು ಎಳೆಯುವುದು ನಾಲ್ಕು ಆಂಪಿಯರ್ ಆಸುಪಾಸು. ಎಸ್‌ಎಂಪಿಎಸ್‌ನ ರಕ್ಷಣೆ ಸಾಮಾನ್ಯವಾಗಿ ನೋಡುವುದೂ ಒಟ್ಟು ಕರೆಂಟನ್ನೇ. ಹೀಗಾಗಿ ಹಂಚಿಕೆ ಸರಿಯಿದೆಯೋ ಇಲ್ಲವೋ ಎಂದು ನೀವೇ ನೋಡಿಕೊಳ್ಳಬೇಕು.

ಕೇಬಲ್ ಆರಿಸುವಾಗ

16 ಪಿನ್ ಕೇಬಲ್ ನೇರವಾಗಿ ಕೊಡುವ, ಎಟಿಎಕ್ಸ್ 3.1 ಮಾನದಂಡದ ಎಸ್‌ಎಂಪಿಎಸ್ ಒಳ್ಳೆಯದು, 5090ಕ್ಕೆ 1000 ವ್ಯಾಟ್. 2023ರಲ್ಲಿ ಬಂದ ತಿದ್ದುಪಡಿಯ ಸಾಕೆಟ್ಟಿನ ಮೇಲೆ ‘ಎಚ್++’ ಎಂದಿರುತ್ತದೆ, ಹಳೆಯದರ ಮೇಲೆ ‘ಎಚ್+’. ಹೊಸದರಲ್ಲಿ ಸೆನ್ಸ್ ಪಿನ್ ಗಿಡ್ಡ, ಕರೆಂಟಿನ ಪಿನ್ ತುಸು ಉದ್ದ. ಕೇಬಲ್ ಅರ್ಧ ಕೂತಿದ್ದರೆ ಕಾರ್ಡು ಪೂರ್ತಿ ಕರೆಂಟ್ ಕೇಳುವುದಿಲ್ಲ. ಅರ್ಧ ಕೂರುವ ತೊಂದರೆಗೆ ಇದು ಪರಿಹಾರ, ಹಂಚಿಕೆ ತಪ್ಪುವುದಕ್ಕೆ ಅಲ್ಲ.

ಹಳೆಯ ಎಸ್‌ಎಂಪಿಎಸ್ ಇದ್ದು ಕಾರ್ಡಿನ ಜೊತೆ ಬಂದ ಅಡಾಪ್ಟರನ್ನೇ ಬಳಸುವುದಾದರೆ ಅದರ ಪ್ರತಿ 8 ಪಿನ್ ತಲೆಗೂ ಎಸ್‌ಎಂಪಿಎಸ್‌ನಿಂದ ಬೇರೆ ಬೇರೆ ಕೇಬಲ್ ಎಳೆಯಿರಿ. ಒಂದೇ ಕೇಬಲಿನ ಎರಡು ಕವಲನ್ನು ಎರಡು ತಲೆಗೆ ಸಿಕ್ಕಿಸಿದರೆ ಒಂದರ ವೈರಿನಲ್ಲಿ ಎರಡರ ಭಾರ. ಒಂದು ಕಂಪನಿಯ ಮಾಡ್ಯುಲರ್ (ಎಸ್‌ಎಂಪಿಎಸ್‌ನಿಂದ ಬಿಚ್ಚಬಹುದಾದ) ಕೇಬಲನ್ನು ಇನ್ನೊಂದರ ಎಸ್‌ಎಂಪಿಎಸ್‌ಗೆ ಹಾಕಲೇಬೇಡಿ. ತೂತು ಹೊಂದಿದರೂ ಒಳಗಿನ ಪಿನ್ ಜೋಡಣೆ ಬೇರೆ ಇರುತ್ತದೆ, ಕಾರ್ಡು ಒಂದೇ ಕ್ಷಣದಲ್ಲಿ ಹೋಗಬಹುದು. ತೊಂಬತ್ತು ಡಿಗ್ರಿ ತಿರುಗಿಸುವ ಅಡಾಪ್ಟರುಗಳೂ ಬೇಡ. ಕೇಬಲ್‌ಮಾಡ್ ಕಂಪನಿ ಇಂಥ ಸುಮಾರು 25,300 ಅಡಾಪ್ಟರುಗಳನ್ನು ವಾಪಸ್ ಕರೆಸಿಕೊಂಡಿದ್ದನ್ನು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2024ರ ಫೆಬ್ರವರಿಯಲ್ಲಿ ಪ್ರಕಟಿಸಿತು. ತಾಗುವ ಜಾಗ ಒಂದು ಹೆಚ್ಚಾದರೆ ಬಿಸಿಯಾಗುವ ಜಾಗವೂ ಒಂದು ಹೆಚ್ಚು.

ಕೂರಿಸುವುದು

ಎಸ್‌ಎಂಪಿಎಸ್ ಸ್ವಿಚ್ ಆಫ್ ಮಾಡಿ, ಗೋಡೆಯ ಪ್ಲಗ್ ತೆಗೆದು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನೊಳಗೆ ಕೈ ಹೋಗುವುದು ಕಷ್ಟವಾದರೆ ಕಾರ್ಡನ್ನು ಹೊರಗೇ ಮೇಜಿನ ಮೇಲಿಟ್ಟು ಕೇಬಲ್ ಸಿಕ್ಕಿಸಿ, ಆಮೇಲೆ ಕೇಬಲ್ ಸಮೇತ ಕಾರ್ಡನ್ನು ಒಳಗೆ ಇಳಿಸಿ. ಒಂದು ಕೈಯಿಂದ ಕಾರ್ಡಿಗೆ ಆಸರೆ ಕೊಟ್ಟು ಇನ್ನೊಂದರಿಂದ ಕನೆಕ್ಟರನ್ನು ನೇರವಾಗಿ ಒತ್ತಬೇಕು. ಅತ್ತಿತ್ತ ಅಲ್ಲಾಡಿಸುತ್ತ ತಳ್ಳಿದರೆ ಹೆಣ್ಣು ಪಿನ್ನಿನ ಬಾಯಿ ಅಗಲವಾಗುತ್ತದೆ. ಟಕ್ ಎನ್ನುವ ಸದ್ದು ಕೆಲವದರಲ್ಲಿ ಕೇಳಿಸುವುದೇ ಇಲ್ಲ, ಅದನ್ನು ನಂಬಿ ಕೂರಬೇಡಿ. ಟಾರ್ಚ್ ಬಿಟ್ಟು ಎರಡೂ ತುದಿಯಲ್ಲಿ ಸಂದು ಕಾಣುತ್ತದೆಯೇ ನೋಡಿ, ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಒಂದು ತುದಿ ಪೂರ್ತಿ ಕೂತು ಇನ್ನೊಂದು ತುದಿಯಲ್ಲಿ ಉಗುರಿನಷ್ಟು ಸಂದು ಉಳಿಯುವುದು ಸಾಮಾನ್ಯ. ಕಣ್ಣಿಗೆ ಬೀಳದೆ ಉಳಿಯುವುದೂ ಅದೇ. ಎಸ್‌ಎಂಪಿಎಸ್ ಕಡೆಯ ತುದಿಗೂ ಇದೇ ಪರೀಕ್ಷೆ.

ಕನೆಕ್ಟರಿನಿಂದ 35 ಮಿ.ಮೀ. ತನಕ ಕೇಬಲ್ ನೆಟ್ಟಗಿರಲಿ, ಅದಾದ ಮೇಲೆ ಬಾಗಲಿ. ಪಿನ್ನುಗಳ ಸಾಲಿನ ಉದ್ದಕ್ಕೆ, ಅಡ್ಡಡ್ಡ ಬಾಗಿಸುವುದು ಹೆಚ್ಚು ಕೆಟ್ಟದ್ದು: ಒಂದು ತುದಿಯ ಪಿನ್ನುಗಳನ್ನು ಅದು ಎಳೆದು ಹಿಡಿಯುತ್ತದೆ. ಪಕ್ಕದ ಗಾಜು ಕೇಬಲನ್ನು ಒತ್ತುವಂತಿದ್ದರೆ ಕ್ಯಾಬಿನೆಟ್ಟೇ ಬದಲಾಗಬೇಕು.

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಜೋಡಿಸಿ ಬಸ್ಸಿನಲ್ಲಿ ಪಾರ್ಸೆಲ್ ಬಂದ ಮಶೀನಾದರೆ ಮೊದಲ ಸಲ ಆನ್ ಮಾಡುವ ಮುಂಚೆ ಪಕ್ಕದ ಬಾಗಿಲು ತೆಗೆಯಿರಿ. ಎರಡು ಕಿಲೊ ತೂಕದ ಕಾರ್ಡು ಅರಬೈಲ್ ಘಟ್ಟದ ತಿರುವುಗಳಲ್ಲಿ ತೂಗಾಡಿಕೊಂಡು ಇಳಿದಿರುತ್ತದೆ. ಸಾಧ್ಯವಿದ್ದರೆ ಕಾರ್ಡನ್ನು ಅದರ ಪೆಟ್ಟಿಗೆಯಲ್ಲೇ ಬೇರೆ ತರಿಸಿಕೊಳ್ಳಿ.

ಅಳೆಯುವುದು

ಬೇಕಾಗಿರುವುದು ಡಿಸಿ ಅಳೆಯುವ ಕ್ಲಾಂಪ್ ಮೀಟರ್. ಎಲೆಕ್ಟ್ರಿಷಿಯನ್ ಕೈಲಿರುವ ಅಗ್ಗದ ಮೀಟರುಗಳಲ್ಲಿ ಹೆಚ್ಚಿನವು ಎಸಿ ಕರೆಂಟ್ ಮಾತ್ರ ತೋರಿಸುತ್ತವೆ, ಇಲ್ಲಿ ಅವು ಸೊನ್ನೆ ತೋರಿಸಿ ಸುಳ್ಳು ಸಮಾಧಾನ ಕೊಡುತ್ತವೆ. ಆಂಪಿಯರ್ ಚಿಹ್ನೆಯ ಪಕ್ಕ ನೇರ ಗೆರೆ, ಅದರ ಕೆಳಗೆ ತುಂಡು ಗೆರೆ ಇದೆಯೇ ಎಂದು ನೋಡಿಯೇ ಮೀಟರ್ ಖರೀದಿಸಿ.

ಕಾರ್ಡಿಗೆ ಪೂರ್ತಿ ಲೋಡ್ ಕೊಟ್ಟು ಹದಿನೈದು ನಿಮಿಷ ಬಿಡಿ. ಮೀಟರನ್ನು ಸೊನ್ನೆಗೆ ತಂದು ಒಂದೊಂದೇ ವೈರಿಗೆ ಒಂದೇ ದಿಕ್ಕಿನಲ್ಲಿ ಕ್ಲಾಂಪ್ ಹಾಕಿ, ಕನೆಕ್ಟರಿಗೆ ಜಗ್ಗು ಬೀಳದಷ್ಟು ದೂರದಲ್ಲಿ. ಆರು ವೈರಿಗೆ ಪ್ಲಸ್, ಆರಕ್ಕೆ ಮೈನಸ್ ಬರುತ್ತದೆ. ಮೈನಸ್ ಕಡೆಯ ಮೊತ್ತ ತುಸು ಕಡಿಮೆ ಬಂದರೆ ಗಾಬರಿ ಬೇಡ, ಗ್ರೌಂಡ್ ಕರೆಂಟ್ ಸ್ವಲ್ಪ ಮದರ್‌ಬೋರ್ಡಿನ ಮೂಲಕವೂ ಮರಳುತ್ತದೆ. 5090ರಲ್ಲಿ ವೈರಿಗೆ ಸರಾಸರಿ 8 ಆಂಪಿಯರ್, 4090ರಲ್ಲಿ 6ರ ಮೇಲೆ ಸ್ವಲ್ಪ. ಒಂದೆರಡು ಆಂಪಿಯರ್ ಹೆಚ್ಚು ಕಡಿಮೆ ಇದ್ದೇ ಇರುತ್ತದೆ. ಯಾವುದಾದರೂ ವೈರಿನಲ್ಲಿ 10 ದಾಟಿದರೆ, ಅಥವಾ ಒಂದರಲ್ಲಿ 2-3 ಮಾತ್ರ ಇದ್ದರೆ, ಮಶೀನು ಆಫ್ ಮಾಡಿ ಆರಿದ ಮೇಲೆ ತೆಗೆದು ಮತ್ತೆ ಕೂರಿಸಿ. ಆಗಲೂ ಹಾಗೇ ಬಂದರೆ ಕೇಬಲ್ ಬದಲಿಸಿ.

ಕನೆಕ್ಟರಿನ ಶಾಖವನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಹತ್ತಿರ ಹಿಡಿದು ನೋಡಿ. ಕನೆಕ್ಟರ್ ಸುತ್ತಲಿನ ಗಾಳಿಗಿಂತ 30 ಡಿಗ್ರಿ ತನಕ ಬಿಸಿಯಾಗಬಹುದೆಂಬ ಲೆಕ್ಕದಲ್ಲೇ ಅದರ ವಿನ್ಯಾಸವಿದೆ. ಕಾರವಾರದ ಮೇ ತಿಂಗಳಲ್ಲಿ ಎಸಿ ಇಲ್ಲದ ಕೋಣೆಯ ಕ್ಯಾಬಿನೆಟ್ಟಿನೊಳಗೆ ಗಾಳಿಯೇ 45 ಇದ್ದರೆ ಕನೆಕ್ಟರ್ 75ಕ್ಕೆ ಬಂತು. ಅಲ್ಲಿಂದ ಮೇಲೆ ಹೋದರೆ ಕೆಲಸ ನಿಲ್ಲಿಸಿ. ಮೀಟರಿಗೆ ಕಾಣುವುದು ಹೊರಗಿನ ಪ್ಲಾಸ್ಟಿಕ್, ಒಳಗಿನ ಪಿನ್ ಅದಕ್ಕಿಂತ ಬಿಸಿ ಇರುತ್ತದೆ.

ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ 16 ಪಿನ್ ವೋಲ್ಟೇಜ್ ಕಾಣುತ್ತದೆ. ಹೊಸತರಲ್ಲಿ ಖಾಲಿ ಇರುವಾಗ ಎಷ್ಟು, ಪೂರ್ತಿ ಲೋಡಿನಲ್ಲಿ ಎಷ್ಟು ಎಂದು ಬರೆದಿಟ್ಟುಕೊಳ್ಳಿ. ತಿಂಗಳು ಕಳೆದಂತೆ ಆ ವ್ಯತ್ಯಾಸ ಹೆಚ್ಚುತ್ತ ಹೋದರೆ ಕನೆಕ್ಟರ್ ಹಾಳಾಗುತ್ತಿದೆ. ಆದರೆ ಒಂದೇ ಪಿನ್ ಕೈಕೊಟ್ಟರೆ ಈ ಅಂಕಿ ಅಲುಗುವುದು ಅತ್ಯಲ್ಪ. ಕ್ಲಾಂಪ್ ಮೀಟರಿಗೆ ಇದು ಬದಲಿಯಲ್ಲ.

ಪವರ್ ಲಿಮಿಟ್

ಇಷ್ಟೆಲ್ಲ ಆಗದು ಎನ್ನುವವರು ಇದೊಂದನ್ನಾದರೂ ಮಾಡಿ: ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶ ತೆರೆದು ಪವರ್ ಲಿಮಿಟ್ 80% ಇಡಿ, ವಿಂಡೋಸ್ ಜೊತೆಗೇ ಅದು ಜಾರಿಯಾಗುವಂತೆ ಗುರುತು ಹಾಕಿ. 5090 ಆಗ 460 ವ್ಯಾಟಿಗೆ ನಿಲ್ಲುತ್ತದೆ, ಪಿನ್ನಿಗೆ 6.4 ಆಂಪಿಯರ್. ಕರೆಂಟ್ ಐದರಲ್ಲೊಂದು ಪಾಲು ಇಳಿದರೆ ಪಿನ್ನಿನ ಶಾಖ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಇಳಿಯುತ್ತದೆ. ರೆಂಡರ್ ತುಸು ನಿಧಾನವಾಗುತ್ತದೆ, ಬೆಳಗ್ಗೆ ಎದ್ದು ನೋಡುವವರಿಗೆ ಅದು ಗೊತ್ತೂ ಆಗುವುದಿಲ್ಲ.

ಉಪ್ಪು ಗಾಳಿ, ಮಳೆಗಾಲ

ಕೋಡಿಬಾಗ, ಬೈತಖೋಲದಂಥ ಕಡಲಂಚಿನಲ್ಲಿ ಕಿಟಕಿಯ ಬದಿಗೆ ಮಶೀನು ಇಡಬೇಡಿ. ಉಪ್ಪಿನ ತೇವ ಲೋಹದ ಮೇಲೆ ಕೂತಷ್ಟೂ ಪಿನ್ ತಾಗುವಲ್ಲಿ ರೋಧ ಏರುತ್ತದೆ. ಶಿರಸಿ, ಸಿದ್ದಾಪುರದ ಕಡೆ ಆಷಾಢದಲ್ಲಿ ಮಶೀನು ವಾರಗಟ್ಟಲೆ ಮುಚ್ಚಿಟ್ಟಿದ್ದರೆ, ತೆಗೆದವರೇ ರೆಂಡರ್‌ಗೆ ಹಾಕದೆ ಅರ್ಧ ಗಂಟೆ ಹಗುರ ಕೆಲಸದಲ್ಲಿ ಓಡಿಸಿ, ತೇವ ಆರಲಿ.

ಮಳೆಗಾಲಕ್ಕೆ ಮುಂಚೆ ಎಲ್ಲ ಬಿಚ್ಚಿ ಧೂಳು ಹೊಡೆಯುವ ಅಭ್ಯಾಸ ಒಳ್ಳೆಯದೇ, ಆದರೆ ಈ ಕೇಬಲ್ ಬಿಚ್ಚಬೇಡಿ. ಕನೆಕ್ಟರಿನ ಆಯುಷ್ಯವೇ 30 ಸಲ ಹಾಕಿ ತೆಗೆಯುವಷ್ಟು, ಅದನ್ನು ಅಂಗಡಿಯವರು ಮುಂಚೆಯೇ ನಾಲ್ಕೈದು ಸಲ ಮಾಡಿರುತ್ತಾರೆ. ಬ್ಲೋವರ್ ಹೊಡೆದರೆ ಸಾಕು. ಪಿನ್ನಿಗೆ ಡಬ್ಲ್ಯೂಡಿ-40 ಹೊಡೆಯುವುದು, ಪಾಲಿಶ್ ಕಾಗದದಿಂದ ತಿಕ್ಕುವುದು ಎರಡೂ ಬೇಡ. ಮೇಲಿನ ಲೇಪ ಎದ್ದುಹೋದರೆ ಮತ್ತೆ ಬರುವುದಿಲ್ಲ.

ವಾಸನೆ ಬಂದರೆ

ಸುಟ್ಟ ವಾಸನೆ ಬಂದೊಡನೆ ಗೋಡೆಯ ಸ್ವಿಚ್ ಆಫ್ ಮಾಡಿ. ವಿಂಡೋಸ್ ಮುಚ್ಚಲು ಕಾಯಬೇಡಿ, ರೆಂಡರ್ ಹೋದರೆ ಹೋಗಲಿ. ಯುಪಿಎಸ್ ಇದ್ದರೆ ಅದನ್ನೂ ಆರಿಸಿ, ಇಲ್ಲದಿದ್ದರೆ ಅದು ಬ್ಯಾಟರಿಯಿಂದ ಕರೆಂಟ್ ಕೊಡುತ್ತಲೇ ಇರುತ್ತದೆ. ಬೆಂಕಿ ಕಂಡರೆ ನೀರು ಬೇಡ, ಒಣ ಪುಡಿ ಅಥವಾ ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರ್ ಬಳಸಿ.

ಬಿಸಿ ಇರುವಾಗ ಕನೆಕ್ಟರ್ ಎಳೆಯಬೇಡಿ, ಕರಗಿದ ಪ್ಲಾಸ್ಟಿಕ್ ಕಾರ್ಡಿನ ಸಾಕೆಟ್ಟನ್ನೇ ಕಿತ್ತುಕೊಂಡು ಬರಬಹುದು. ಒಂದು ಗಂಟೆ ಆರಲು ಬಿಟ್ಟು, ತೆಗೆಯುವ ಮೊದಲೊಮ್ಮೆ, ತೆಗೆದ ಮೇಲೊಮ್ಮೆ ಫೋಟೊ ತೆಗೆಯಿರಿ. ವಾರಂಟಿ ಕೇಳುವಾಗ ಕೇಬಲ್ ಪೂರ್ತಿ ಕೂತಿತ್ತೇ ಎಂಬುದೇ ಮೊದಲ ಪ್ರಶ್ನೆಯಾಗಿರುತ್ತದೆ. ಕೇಬಲ್ ಕತ್ತರಿಸಬೇಡಿ, ಪಿನ್ ಕೆರೆಯಬೇಡಿ, ಹೇಗಿದೆಯೋ ಹಾಗೇ ಕೊಡಿ.

ಒಂದು ಪಿನ್ನಿನ ಸುತ್ತ ಮಾತ್ರ ಪ್ಲಾಸ್ಟಿಕ್ ಕಂದಾಗಿದ್ದು ಕಾರ್ಡು ಇನ್ನೂ ನಡೆಯುತ್ತಿದ್ದರೂ ಅದಕ್ಕೆ ಹೊಸ ಕೇಬಲ್ ಹಾಕಿ ಮುಂದುವರಿಸಬೇಡಿ. ಸುಟ್ಟ ಸಾಕೆಟ್ಟು ಹೊಸ ಕೇಬಲನ್ನೂ ಸುಡುತ್ತದೆ. ವಾರಂಟಿ ಮುಗಿದಿದ್ದರೆ ಬಿಜಿಎ ಕೆಲಸ (ಬೋರ್ಡಿಗೆ ಚಿಪ್ ಬೆಸೆಯುವುದು) ಮಾಡುವ ರಿಪೇರಿಯವರ ಬಳಿ ಕಾರ್ಡಿನ ಸಾಕೆಟ್ ಬದಲಿಸಿಕೊಳ್ಳಿ, ‘ಎಚ್++’ ಸಾಕೆಟ್ಟನ್ನೇ ಹಾಕಲು ಹೇಳಿ, ಕೇಬಲನ್ನೂ ಹೊಸದೇ ಕೊಳ್ಳಿ.