ಶೇಂಗಾ ಸುಲಿಸಿ ಕೃಪೆಯ ಪಾಠ ಮಾಡುವುದು ಹೇಗೆ

ಬೆಟಗೇರಿಯಲ್ಲಿ ಹದಿನೈದು ವರ್ಷದಿಂದ ಸಂಡೇ ಸ್ಕೂಲ್ ಟೀಚರ್ ಆಗಿದ್ದೇನೆ. ಮೊದಲು ನಮ್ಮ ಗೋಡೆಯ ಮೇಲೆ ಒಂದು ಚಾರ್ಟ್ ಇತ್ತು. ತಪ್ಪದೆ ಬಂದರೆ ಒಂದು ಸ್ಟಾರ್, ವಾಕ್ಯ ಬಾಯಿಪಾಠ ಒಪ್ಪಿಸಿದರೆ ಎರಡು. ಅದರ ಕೆಳಗೇ ನಿಂತು, ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಸಿಗುವುದು ದೇವರು ಪುಕ್ಕಟೆ ತೋರಿಸುವ ಕೃಪೆಯಿಂದ, ನಮ್ಮ ಪುಣ್ಯಕ್ರಿಯೆಯಿಂದಲ್ಲ ಎಂದು ಹೇಳುತ್ತಿದ್ದೆ! ಒಬ್ಬ ಹುಡುಗ ಕೇಳಿದ: "ನನಗ ಒಂದೂ ಸ್ಟಾರ್ ಇಲ್ಲ. ಸ್ವರ್ಗಕ್ಕ ಬಿಡಂಗಿಲ್ಲೇನ್ರಿ ಟೀಚರ್?" ಅವತ್ತೇ ಚಾರ್ಟ್ ಕಿತ್ತೆ. ನಿಮ್ಮಲ್ಲೂ ಇದ್ದರೆ ಮೊದಲು ಅದನ್ನು ತೆಗೆಯಿರಿ.

ಆಮೇಲೆ ಬೈಬಲಿನ ಮತ್ತಾಯ 20ನೇ ಅಧ್ಯಾಯದ ದ್ರಾಕ್ಷಿತೋಟದ ಸಾಮ್ಯವನ್ನು, ಅಂದರೆ ಯೇಸು ಹೇಳಿದ ನೀತಿಕಥೆಯನ್ನು, ಮಕ್ಕಳಿಂದ ಆಡಿಸಿ. ಒಂದು ಕೆ.ಜಿ. ಶೇಂಗಾ ಕಾಯಿ, ತಲೆಗೊಂದರಂತೆ ಚಿಕ್ಕಿ ಸಾಕು. (ಒಮ್ಮೆ ಒಣ ಮೆಣಸಿನಕಾಯಿ ತಂದಿದ್ದೆ. ಕಣ್ಣುಜ್ಜಿಕೊಂಡು ಎಲ್ಲರೂ ಅತ್ತವು. ಬೇಡ.) ಇಬ್ಬರಿಗೆ "ಕೂಲಿ ಒಂದು ಚಿಕ್ಕಿ" ಎಂದು ಮಾತಾಡಿ ಸುಲಿಯಲು ಕೂರಿಸಿ. ಇಪ್ಪತ್ತು ನಿಮಿಷಕ್ಕೆ ಇನ್ನಿಬ್ಬರು. ಮುಗಿಯಲು ಐದು ನಿಮಿಷ ಇದೆ ಅನ್ನುವಾಗ ಉಳಿದವರು. ಸಾಮ್ಯದಲ್ಲೂ ಕೊನೆಯವರು ಬಂದದ್ದು ಸಂಜೆ ಐದಕ್ಕೆ. ಸಿಕ್ಕಿದ್ದು ಬೆಳಿಗ್ಗೆಯಿಂದ ದುಡಿದವರಷ್ಟೇ, ಇಡೀ ದಿನದ ಕೂಲಿಯಾದ ಒಂದು ದಿನಾರಿ ನಾಣ್ಯ.

ಚಿಕ್ಕಿಯನ್ನು ಕೊನೆಗೆ ಬಂದವರಿಂದ ಶುರುಮಾಡಿ ಎಲ್ಲರಿಗೂ ಒಂದೊಂದೇ ಹಂಚಿ. ಇದೇ ಮುಖ್ಯ. ಮೊದಲಿನವರು ನೋಡುತ್ತಿರಬೇಕು, ಜಾಸ್ತಿ ಸಿಗುತ್ತದೆ ಅಂತ ಆಸೆಪಡಬೇಕು.

"ಅನ್ಯಾಯ ರೀ!" ಎಂದು ಗದ್ದಲ ಏಳುತ್ತದೆ. ಸುಮ್ಮನಾಗಿಸಬೇಡಿ. ಆ ಮಕ್ಕಳು "ಮಾಡಿದ್ದುಣ್ಣೋ ಮಹರಾಯ" ಕೇಳಿಕೊಂಡೇ ಬೆಳೆದವರು. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು 1841ರಲ್ಲಿ ಬೆಟಗೇರಿಗೆ ಬಂದರು. ಅಂದಿನಿಂದ ಕೃಪೆಯ ಮಾತು ಕೇಳುತ್ತಿದ್ದೇವೆ, ಆದರೂ ನನಗೇ ಆ ಗಾದೆ ಬೇಗ ಬಾಯಿಗೆ ಬರುತ್ತದೆ. ಗದ್ದಲ ಇಳಿದ ಮೇಲೆ ಎರಡೇ ಪ್ರಶ್ನೆ ಕೇಳಿ. ಮಾತಾಡಿದ್ದಕ್ಕಿಂತ ಕಡಿಮೆ ಕೊಟ್ಟೆನಾ? ಕೊನೆಗೆ ಬಂದವನು ತಿಂದದ್ದು ಅವನ ದುಡಿಮೆಯನ್ನೋ, ಕೊಟ್ಟವರ ಮನಸ್ಸನ್ನೋ? ಆಮೇಲೆ ಬೈಬಲಿನಲ್ಲಿ ಅಪೊಸ್ತಲ ಪೌಲನ ಪತ್ರ, ರೋಮಾಪುರದವರಿಗೆ 4:4 ಓದಿಸಿ. ದುಡಿದವನಿಗೆ ಕೊಡುವ ಕೂಲಿ ಬಾಕಿ ತೀರಿಸಿದ ಹಾಗೆ, ಅದು ದಾನ ಅಲ್ಲ ಅಂತ ಪೌಲ ಅಲ್ಲಿ ಹೇಳುತ್ತಾನೆ.

ಈಗ ಇನ್ನೊಂದು ಪತ್ರ, ಎಫೆಸದವರಿಗೆ 2:8-9: ರಕ್ಷಣೆ ಕೃಪೆಯಿಂದ ಬಂದ ದೇವರ ವರ, ಪುಣ್ಯಕ್ರಿಯೆಯ ಫಲ ಅಲ್ಲ. ಅಲ್ಲಿಗೇ ಪುಸ್ತಕ ಮುಚ್ಚಬೇಡಿ. "ಹಂಗಾರ ಏನೂ ಮಾಡೂದ ಬ್ಯಾಡಲ್ರಿ?" ಅನ್ನುವ ಚೂಟಿ ಒಬ್ಬ ಇದ್ದೇ ಇರುತ್ತಾನೆ. ಅವನಿಂದಲೇ 10ನೇ ವಚನ ಓದಿಸಿ. ಸತ್ಕ್ರಿಯೆ ಅಲ್ಲೂ ಇದೆ, ಆದರೆ ರಕ್ಷಣೆಯ ಬೆನ್ನಿಗೆ ಬರುತ್ತದೆ.

ಕಡೆಗೆ, ಚಿಕ್ಕಿ ತಿಂದ ಮೇಲೆ, ಉಳಿದ ಶೇಂಗಾ ಸುಲಿಯಲು ಯಾರು ಬರುತ್ತೀರಿ ಎಂದು ಕೇಳಿ. ನಮ್ಮಲ್ಲಿ ಕಳೆದ ಸಲ ಮೂವರು ಕೂತರು, ಉಳಿದವರು ಕ್ರಿಕೆಟ್‌ಗೆ ಓಡಿದರು. ಓಡಿದವರ ಹತ್ತಿರ ಚಿಕ್ಕಿ ವಾಪಸ್ ಕೇಳಬೇಡಿ, ಕಣ್ಣಿನಲ್ಲೂ.